ಹೊಸ ಮೀನು ತಂದವರ ಗಮನಕ್ಕೆ

ಸದಸ್ಯರೇ, ತೊಟ್ಟಿಗೆ ಬಿಟ್ಟ ದಿನವೇ ಮೀನಿಗೆ ಆಹಾರ ಹಾಕಬೇಡಿ. ಚೀಲದಲ್ಲಿ ಬಂದ ಗಾಬರಿಗೆ ಅದು ತಿನ್ನುವುದು ಕಮ್ಮಿ. ಹಾಕಿದ ಕಾಳು ತಳದಲ್ಲಿ ಕೊಳೆತು ನೀರಿನಲ್ಲಿ ಅಮೋನಿಯಾ ಎಂಬ ವಿಷ ಏರುತ್ತದೆ. ಹೊಸ ಮೀನು ಸಾಯುವುದು ಹೆಚ್ಚಾಗಿ ಇದರಿಂದಲೇ, ಹಸಿವಿನಿಂದಲ್ಲ. ಎರಡು ಮೂರು ದಿನ ಮುಟ್ಟದಿದ್ದರೂ ಚಿಂತೆ ಬೇಡ.

ಮರುದಿನ ಲೈಟ್ ಹಾಕಿ ಅರ್ಧ ಗಂಟೆ ಬಿಟ್ಟು ಒಂದು ಚಿಟಿಕೆ ಕೊಡಿ. ಎರಡು ನಿಮಿಷದಲ್ಲಿ ಖಾಲಿಯಾಗದಿದ್ದರೆ ಉಳಿದದ್ದನ್ನು ಪೈಪಿನಿಂದ ಎಳೆದು ತೆಗೆಯಿರಿ. ಮೊದಲ ವಾರ ದಿನಕ್ಕೊಂದೇ ಸಲ. ಬೆಟ್ಟಾಗೆ (ಫೈಟರ್ ಮೀನಿಗೆ) ಸಣ್ಣ ಪೆಲೆಟ್, ಅಂದರೆ ಆಹಾರದ ಕಾಳು, ಎರಡೋ ಮೂರೋ ಸಾಕು. ಗುಂಡು ಹೊಟ್ಟೆಯ ಗೋಲ್ಡ್‌ಫಿಶ್‌ಗೆ ಮುಳುಗುವ ಪೆಲೆಟ್ಟನ್ನು ತೊಟ್ಟಿಯ ನೀರಲ್ಲೇ ಐದು ನಿಮಿಷ ನೆನೆಸಿ ಹಾಕಿ. ಗಾಜಿನ ಹತ್ತಿರ ಹೋದಾಗಲೆಲ್ಲ ಬಾಯಿ ಬಿಡುತ್ತದೆ, ಆ ನಾಟಕಕ್ಕೆ ಕರಗಬೇಡಿ.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಪಟ್ಟಿಯ ಮೊದಲಲ್ಲೇ ಮೀನಿನ ಹುಡಿ, ಸೀಗಡಿ ಇರಬೇಕು. ಆ ಜಾಗದಲ್ಲಿ ಗೋಧಿ ಹಿಟ್ಟೋ ಜೋಳವೋ ಇದ್ದರೆ ದುಡ್ಡು ದಂಡ. ಪ್ರೋಟೀನ್ ಬೆಟ್ಟಾಗೆ ಶೇ 40ರ ಮೇಲೆ, ಗೋಲ್ಡ್‌ಫಿಶ್‌ಗೆ ಸುಮಾರು 30ರಿಂದ 40. ಅಂಗಡಿಯಲ್ಲಿ ತೂಕಕ್ಕೆ ಕೊಡುವ ಕೆಂಪು-ಹಸಿರು ಕಾಳು ಬೇಡವೇ ಬೇಡ. ತಯಾರಿ ದಿನಾಂಕವೂ ಇರುವುದಿಲ್ಲ. ಅನುಮಾನವಿದ್ದರೆ ನಾಲ್ಕು ಕಾಳನ್ನು ಲೋಟದ ನೀರಿಗೆ ಹಾಕಿ ನೋಡಿ: ಐದು ನಿಮಿಷದಲ್ಲಿ ಬಣ್ಣ ಬಿಟ್ಟು ಹಿಟ್ಟಾದರೆ ಬಿಸಾಡಿ.

ಅಗ್ಗವೆಂದು ಕೆಜಿಗಟ್ಟಲೆ ತರಬೇಡಿ. ತೆರೆದ ಮೇಲೆ ವಿಟಮಿನ್ ಸಿ ಕುಂದುತ್ತದೆ, ಎಣ್ಣೆ ಕಮಟುತ್ತದೆ. ಎರಡು ಮೂರು ತಿಂಗಳಲ್ಲಿ ಮುಗಿಯುವ ಪೊಟ್ಟಣ ಸಾಕು. ಒದ್ದೆ ಕೈ ಡಬ್ಬಿಗೆ ಹಾಕಬೇಡಿ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಬ್ರೆಡ್, ಅನ್ನ, ಮಂಡಕ್ಕಿ ಯಾವ ಮೀನಿಗೂ ಬೇಡ.