ಅಡುಗೆಮನೆಯ ಆ ಡ್ರಾಯರ್

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆ ನಿನ್ನ ತಂದೆ ಉತ್ತರ ಬರೆಯುತ್ತಾನೆ. ಕೊನೆಯ ಪುಟದ ಒಂದು ಸಾಲಿನಿಂದ ನನಗೆ ಎರಡು ರಾತ್ರಿ ನಿದ್ದೆ ಬಂದಿಲ್ಲ. ಜೊತೆಗಿರುವ ಹುಡುಗ ಅಡುಗೆಮನೆಯ ಡ್ರಾಯರಿನಲ್ಲಿ ಪಿಸ್ತೂಲು ಇಟ್ಟಿದ್ದಾನೆ, ರಾತ್ರಿ ಹೊತ್ತು ಯಾರೋ ಬಂದು ಅವನಿಂದ ಪೊಟ್ಟಣ ಒಯ್ಯುತ್ತಾರೆ, "ಅದಕ್ಕೂ ನನಗೂ ಸಂಬಂಧವಿಲ್ಲ" ಎಂದು ಬರೆದಿದ್ದೀಯೆ. ಚಮಚ ತೆಗೆಯಲು ದಿನಕ್ಕೆ ಎಷ್ಟು ಸಲ ನೀನು ಆ ಡ್ರಾಯರ್ ಎಳೆಯುತ್ತೀಯೆ, ಮಗು?

ವಕೀಲರ ಕಚೇರಿಯಲ್ಲಿ ಬೆರಳಚ್ಚು ಮಾಡಿ ಬದುಕಿದವನು ನಾನು, ನೀನಿರುವ ಅಮೆರಿಕದ ಕಾನೂನನ್ನು ಕುಳಿತು ಓದಿದೆ. ವಿದ್ಯಾರ್ಥಿ ವೀಸಾದಲ್ಲಿರುವವನು, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಿರಲಿ ಒಂದು ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. 2022ರಿಂದ ಅದಕ್ಕೆ 15 ವರ್ಷಗಳವರೆಗೆ ಶಿಕ್ಷೆಯಿದೆ. ಮಾದಕ ವಸ್ತು ಮಾರುವವನು ಆ ವ್ಯವಹಾರಕ್ಕೆ ನೆರವಾಗಲೆಂದು ಬಂದೂಕು ಇಟ್ಟುಕೊಂಡಿದ್ದರೆ ಕನಿಷ್ಠ 5 ವರ್ಷ, ಅದೂ ಮಾರಾಟದ ಶಿಕ್ಷೆ ಮುಗಿದ ಮೇಲೆ ಪ್ರತ್ಯೇಕವಾಗಿ. ಫೆಡರಲ್, ಅಂದರೆ ಅಲ್ಲಿಯ ಕೇಂದ್ರ ಸರ್ಕಾರದ ಮೊಕದ್ದಮೆಗಳಲ್ಲಿ 1987ರ ನವೆಂಬರಿನಿಂದೀಚಿನ ಅಪರಾಧಗಳಿಗೆ, ಅವಧಿಗೆ ಮೊದಲೇ ಬಿಡುಗಡೆ ಮಾಡುವ ಪೆರೋಲ್ ಎಂಬುದೇ ಇಲ್ಲ. ಅನುತ್ತೀರ್ಣನಾಗಿ ವೀಸಾದ ಹಕ್ಕು ಕಳೆದುಕೊಂಡಿದ್ದ ಅರಬ್ ಎಮಿರೇಟ್ಸ್‌ನ ಒಬ್ಬ ವಿದ್ಯಾರ್ಥಿ ಫ್ಲೋರಿಡಾದಲ್ಲಿ ಗುರಿ ಅಭ್ಯಾಸದ ಜಾಗದಲ್ಲಿ ಬಂದೂಕನ್ನು ಬಾಡಿಗೆಗೆ ಹಿಡಿದದ್ದಕ್ಕೆ 18 ತಿಂಗಳ ಶಿಕ್ಷೆಯಾಗಿತ್ತು. ತಾನು ಅಕ್ರಮವಾಗಿ ನೆಲೆಸಿರುವುದು ಅವನಿಗೆ ತಿಳಿದಿತ್ತೆಂದೂ ಸರ್ಕಾರ ರುಜುವಾತು ಮಾಡಬೇಕೆಂದು 2019ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ನಿನಗೆ ಆಸರೆಯಾಗದು. ನಿನ್ನ ವೀಸಾ ಯಾವುದೆಂಬುದು ನಿನಗೆ ಗೊತ್ತು.

ಮತ್ತೆ ಆ ಡ್ರಾಯರಿಗೇ ಬರುತ್ತೇನೆ. ಸ್ವಾಧೀನವೆಂದರೆ ಕೈಯಲ್ಲಿ ಹಿಡಿದಿರಬೇಕೆಂದೇನೂ ಇಲ್ಲ. ವಸ್ತು ಅಲ್ಲಿದೆಯೆಂದು ತಿಳಿದು, ಅದನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಶಕ್ತಿ ಮತ್ತು ಉದ್ದೇಶವಿದ್ದರೆ ಸಾಕು. ಹತ್ತಿರ ಇದ್ದ ಮಾತ್ರಕ್ಕೆ ಅಪರಾಧಿಯಾಗುವುದಿಲ್ಲ, ನಿಜ. ಆದರೆ ನಿನಗೆ ಉದ್ದೇಶವಿರಲಿಲ್ಲವೆಂದು ಯಾರು ಬಂದು ಹೇಳುತ್ತಾರೆ?

ಹೇಳಬೇಕಾದವನು ಹೇಳದಿದ್ದರೆ ಏನಾಗುತ್ತದೆಂದು ನಾನು ಬಲ್ಲೆ. 1987ರಲ್ಲಿ ಬೆಂಗಳೂರಿನ ಒಂದು ಕೋಣೆಯಲ್ಲಿ ಮೂವರಿದ್ದೆವು. ಒಬ್ಬನ ಟ್ರಂಕಿನಲ್ಲಿ ಗಾಂಜಾ ಇರುವುದು ನನಗೆ ತಿಳಿದಿತ್ತು, ನಮಗೇನೆಂದು ಸುಮ್ಮನಿದ್ದೆ. ಪೊಲೀಸರು ಬಂದ ದಿನ ಅವನು ಊರಿನಲ್ಲಿರಲಿಲ್ಲ. ಟ್ರಂಕಿನ ಕೀಲಿಕೈ ಮೂರನೆಯವನ ಬಳಿ ಸಿಕ್ಕಿತು, ಅವನನ್ನು ಹಿಡಿದೊಯ್ದರು. ಮಾದಕ ವಸ್ತುಗಳ ವಿರುದ್ಧದ 1985ರ ಕಾಯ್ದೆ ಆಗಿನ್ನೂ ಹೊಸದು. ಸಾಕ್ಷಿ ಹೇಳಿದರೆ ಕೆಲಸ ಹೋದೀತೆಂದು ನಾನು ಕೋರ್ಟಿನ ಕಡೆ ಸುಳಿಯಲಿಲ್ಲ. ಅವನ ತಾಯಿ ಹಳ್ಳಿಯಿಂದ ಬಂದು ನಮ್ಮ ಕಚೇರಿಯ ಜಗಲಿಯಲ್ಲಿ ಸಂಜೆಯವರೆಗೆ ಕುಳಿತಿದ್ದರು. ನಾನು ಹಿಂಬಾಗಿಲಿನಿಂದ ಹೊರಟುಹೋದೆ. ಹದಿನಾಲ್ಕು ತಿಂಗಳ ಮೇಲೆ ಅವನ ಬಿಡುಗಡೆಯಾಯಿತು, ಆ ವೇಳೆಗೆ ಆಕೆ ಇರಲಿಲ್ಲ. ಇದನ್ನು ನಿನ್ನ ದೊಡ್ಡಮ್ಮನಿಗೂ ನಾನು ಹೇಳಿಲ್ಲ.

ಏನು ಮಾಡಬೇಕೆಂದು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆ ಪಿಸ್ತೂಲನ್ನು ಸರಿಸಿಡಲೆಂದೂ ಮುಟ್ಟಬೇಡ. ಅವನು ಕೊಟ್ಟ ಚೀಲವನ್ನು, ಹಣವನ್ನು, ಒಂದು ಗಳಿಗೆಗೂ ಇಟ್ಟುಕೊಳ್ಳಬೇಡ. ಮಾದಕ ವಸ್ತುವಿನ ಮಾರಾಟದಲ್ಲಿ ಒಳಸಂಚಿಗೂ ಅಲ್ಲಿ ಮೂಲ ಅಪರಾಧದಷ್ಟೇ ಶಿಕ್ಷೆ. ಬಾಡಿಗೆಯ ಕರಾರಿನಲ್ಲಿ ನಿನ್ನ ಹೆಸರಿದ್ದರೆ ಒಬ್ಬ ವಕೀಲರನ್ನು ಕೇಳು, ಶುಲ್ಕ ನಾನು ಕಳುಹಿಸುತ್ತೇನೆ. ಈ ವಾರವೇ ಬೇರೆ ಕೋಣೆ ಹುಡುಕು, ಮುಂಗಡ ಹೋದರೆ ಹೋಗಲಿ. ವಿಳಾಸ ಬದಲಾದುದನ್ನು 10 ದಿನಗಳೊಳಗೆ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕಂತೆ, ಮರೆಯಬೇಡ. ಹೊಸ ವಿಳಾಸವನ್ನು ನನಗೂ ಬರೆ.

ನಿನ್ನ ದೊಡ್ಡಪ್ಪ