ರಾಜೀನಾಮೆ ಕೊಡುವ ಮೊದಲು: ಮಗಳಿಗೊಂದು ಪತ್ರ

ಗಂಗಾವತಿ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಕೆಲಸ ಬಿಟ್ಟು ಬರುತ್ತೇನೆಂದು ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಾಗ ನನ್ನ ದನಿ ಏರಿತು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಮೆರಿಕದ ಗ್ರಾಹಕರು ‘ಲೆಟ್ಸ್ ಟೇಬಲ್ ಇಟ್’ ಎಂದದ್ದನ್ನು ಕೇಳಿ, ಅದನ್ನೇ ಮೊದಲು ಚರ್ಚೆಗೆ ತರಬೇಕೆಂದು ತಿಳಿದು ನೀನು ನಿದ್ದೆಗೆಟ್ಟು ವರದಿ ಸಿದ್ಧಪಡಿಸಿದ್ದು ದಡ್ಡತನವಲ್ಲ. ಸದನದಲ್ಲಿ ವಿಧೇಯಕ ಮಂಡನೆಯಾದರೆ ನಮ್ಮ ಇಂಗ್ಲಿಷ್ ಪತ್ರಿಕೆಗಳು ‘ಟೇಬಲ್ಡ್’ ಎಂದೇ ಬರೆಯುತ್ತವೆ. ಬ್ರಿಟನ್ನಿನ ರೂಢಿಯೂ ಅದೇ. ಅಮೆರಿಕದವರಿಗೆ ಮಾತ್ರ ‘ಸದ್ಯಕ್ಕೆ ಬದಿಗಿಡೋಣ’ ಎಂಬ ತದ್ವಿರುದ್ಧ ಅರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು, ಮನಸ್ಸಿನಲ್ಲಿದ್ದದ್ದು ಒಂದೇ ಆದರೂ, ಇದೊಂದೇ ಮಾತಿನಿಂದ ಬಹಳ ಹೊತ್ತು ಜಗಳವಾಡಿದ್ದನ್ನು ಚರ್ಚಿಲ್ಲರೇ ಬರೆದಿಟ್ಟಿದ್ದಾರೆ.

ನೀನು ಒಂದನೆಯ ತರಗತಿಯಲ್ಲಿದ್ದಾಗ, ಭತ್ತದ ಲಾರಿ ಬಾರದ್ದಕ್ಕೆ ನಮ್ಮ ರೈಸ್ ಮಿಲ್ಲಿನ ಸಾಹುಕಾರರು ‘ಡ್ರೈವರ್ ಕೈ ಕೊಟ್ಟ’ ಎಂದು ಸಿಡುಕಿದ್ದರು. ಮರುದಿನ ಲಾರಿ ಬಂದಾಗ ನೀನು ವೇ ಬ್ರಿಡ್ಜಿನ ಪಕ್ಕ ನಿಂತು ಅವನ ಖಾಕಿ ಅಂಗಿಯ ತೋಳುಗಳನ್ನೇ ದಿಟ್ಟಿಸುತ್ತಿದ್ದೆ. ಅವನು ಬೀಡಿ ಹಚ್ಚಲು ಎರಡೂ ಕೈ ಎತ್ತಿದ್ದೇ ತಡ, ‘ಕೊಟ್ಟ ಕೈ ವಾಪಸ್ ತಗೊಂಡಿಯೇನು ಮಾಮಾ?’ ಎಂದು ಕೇಳಿದೆ. ಹಮಾಲರೆಲ್ಲ ನಕ್ಕರೂ ನೀನು ಅಳಲಿಲ್ಲ, ನಾಚಲೂ ಇಲ್ಲ. ಹಾಗಾದರೆ ಅವನು ಕೊಟ್ಟದ್ದೇನು ಎಂದು ಮನೆ ಮುಟ್ಟುವವರೆಗೂ ನನ್ನ ಬೆನ್ನು ಬಿಡಲಿಲ್ಲ. ಆ ಹುಡುಗಿ ಈಗ ಸಭೆಯಲ್ಲಿ ತಿಳಿಯದಿದ್ದರೂ ತಲೆಯಾಡಿಸಿ ಕೂರುತ್ತಾಳಲ್ಲ, ನನಗಿರುವ ಭಯ ಅದೊಂದೇ.

‘ಅಂಡರ್ ದ ವೆದರ್’ ಎಂದರೆ ಮೈಗೆ ಹುಷಾರಿಲ್ಲವೆಂದು. ‘ರೇನ್ ಚೆಕ್’ ಎಂಬುದು, ಮಳೆಗೆ ನಿಂತುಹೋದ ಬೇಸ್‌ಬಾಲ್ ಆಟದ ಪ್ರೇಕ್ಷಕರಿಗೆ ಮತ್ತೊಂದು ದಿನ ಬರಲು ಕೊಡುತ್ತಿದ್ದ ಚೀಟಿಯಿಂದ ಬಂದದ್ದು. ಈಗ ‘ಇವತ್ತು ಬೇಡ, ಇನ್ನೊಮ್ಮೆ ನೋಡೋಣ’ ಎನ್ನಲು ಬಳಸುತ್ತಾರೆ. ಪದಗಳು ಸಂದರ್ಭಕ್ಕೆ ಹೊಂದದಿದ್ದರೆ ಅಲ್ಲೊಂದು ನುಡಿಗಟ್ಟಿದೆಯೆಂದು ಅನುಮಾನಿಸು, ಹೇಳಿದವರು ಯಾವ ದೇಶದವರೆಂದು ಗಮನಿಸು, ಬಳಿಕ ‘ಹಾಗಾದರೆ ಇದನ್ನು ಮುಂದಿನ ವಾರ ನೋಡೋಣವೇ?’ ಎಂದು ನಿನ್ನ ಮಾತಿನಲ್ಲೇ ಕೇಳಿ ಖಚಿತಪಡಿಸಿಕೋ. ಉಪದೇಶ ಉದ್ದವಾಯಿತೆಂದು ಗೊತ್ತು. ಆದರೆ ನನ್ನ ಮಗಳು ಅಮೆರಿಕದವರೊಡನೆ ವ್ಯವಹರಿಸುತ್ತಾಳೆಂದು ಮಿಲ್ಲಿನಲ್ಲಿ ಎಲ್ಲರೆದುರು ಹೇಳಿಕೊಂಡು ತಿರುಗುವವನು ನಾನು.

ನಿಮ್ಮವ್ವನಿಗೆ ಇನ್ನೂ ಏನೂ ತಿಳಿಸಿಲ್ಲ. ರಾಜೀನಾಮೆ ಕೊಡುವುದೇ ನಿಶ್ಚಯವಾದರೆ ಅವಳಿಗೆ ನೀನೇ ಹೇಳಬೇಕು.

ಇಂತಿ,
ನಿನ್ನ ಅಪ್ಪ