ಗಂಟಲಿನ ಸದ್ದು ಅಶಿಸ್ತಲ್ಲ

ಮಾನ್ಯ ಸಂಪಾದಕರೇ,

ಏಳನೇ ತರಗತಿಯ ನನ್ನ ಮಗ ಪಾಠದ ನಡುವೆ ಪದೇ ಪದೇ ಗಂಟಲು ಸರಿಮಾಡಿಕೊಳ್ಳುತ್ತಾನೆ, ಒಮ್ಮೊಮ್ಮೆ ‘ಹುಕ್’ ಎನ್ನುತ್ತಾನೆ. ಕಿರುಪರೀಕ್ಷೆಯಲ್ಲಿ ಇದಕ್ಕಾಗಿಯೇ ಅವನನ್ನು ಹೊರಗೆ ನಿಲ್ಲಿಸಿದರು. ಅವನಿಗಿರುವುದು ಟುರೆಟ್ ಸಿಂಡ್ರೋಮ್. ಫ್ರಾನ್ಸಿನ ವೈದ್ಯ ಜಿಲ್ ದ ಲಾ ಟುರೆಟ್ 1885ರಲ್ಲೇ ವಿವರಿಸಿದ್ದ ನರಸಂಬಂಧಿ ಸ್ಥಿತಿಯಿದು; ಬೇಡವೆಂದರೂ ಸದ್ದು, ಅಂಗಚಲನೆಗಳು ತಾವಾಗಿಯೇ ಬರುತ್ತಿರುತ್ತವೆ.

‘ಅದು ಬೈಗುಳ ಉದುರಿಸುವ ಕಾಯಿಲೆಯಲ್ಲವೇ, ಇವನು ಬೈಯುವುದೇ ಇಲ್ಲವಲ್ಲ’ ಎಂದರು ಶಿಕ್ಷಕರೊಬ್ಬರು. ಅಶ್ಲೀಲ ಮಾತು ತಾನಾಗಿ ಹೊರಬೀಳುವುದು ಕೆಲವರಿಗೆ ಮಾತ್ರ. ಮೂಗು ಸೆಳೆಯುವುದು, ಕೆಮ್ಮುವುದು, ಗುರುಗುಟ್ಟುವುದೇ ಹೆಚ್ಚು. ‘ಗದರಿಸಿದರೆ ಸುಮ್ಮನಾಗುತ್ತಾನೆ, ಬೇಕೆಂದೇ ಮಾಡುತ್ತಾನೆ’ ಎಂಬ ತೀರ್ಮಾನವಂತೂ ನನ್ನನ್ನು ಬಹಳ ನೋಯಿಸಿದೆ. ಸೀನು ತಡೆದಂತೆ ಸ್ವಲ್ಪ ಹೊತ್ತು ತಡೆಯಬಹುದು, ಅಷ್ಟೇ. ಆಗ ಅವನ ಗಮನವೆಲ್ಲ ತಡೆಯುವುದರಲ್ಲೇ ಇರುತ್ತದೆ, ಲೆಕ್ಕ ತಲೆಗೆ ಹತ್ತುವುದಿಲ್ಲ. ಆತಂಕವಾದರೆ ಸದ್ದು ಇನ್ನೂ ಹೆಚ್ಚುತ್ತದೆ. ತಾಯತ ಕಟ್ಟಿಸಿ ಎನ್ನುವ ಬಂಧುಗಳಿಗೂ ಇದನ್ನೇ ಹೇಳುತ್ತಿದ್ದೇನೆ. ಅನೇಕ ಮಕ್ಕಳಲ್ಲಿ ಹದಿಹರೆಯ ಮುಗಿಯುವ ಹೊತ್ತಿಗೆ ಇದು ತಗ್ಗುತ್ತದೆ. ವರ್ತನಾ ಚಿಕಿತ್ಸೆಯೂ ನೆರವಾಗುತ್ತದೆ.

ವಾರ್ಷಿಕ ಪರೀಕ್ಷೆ ಹತ್ತಿರವಾಗುತ್ತಿದೆ. ಇಂಥ ಮಕ್ಕಳಿಗೆ ಪ್ರತ್ಯೇಕ ಕೊಠಡಿ, ತುಸು ಹೆಚ್ಚಿನ ಸಮಯ ಕೊಡುವಂತೆ ಶಿಕ್ಷಣ ಇಲಾಖೆ ಶಾಲೆಗಳಿಗೆ ಈಗಲೇ ಸೂಚಿಸಲಿ.

– ಒಬ್ಬ ತಾಯಿ, ಶಿವಮೊಗ್ಗ